ಬೋರ್ಡಿನ ಮೇಲಿನ ಸೊನ್ನೆ

ಗಾರ್ಮೆಂಟ್ ಫ್ಯಾಕ್ಟರಿಯ ಹೊಲಿಗೆ ಹಾಲಿನಲ್ಲಿ ಆ ವಾರ ಮಿಷನ್ನುಗಳ ಸದ್ದಿಗಿಂತ ಕೆಮ್ಮಿನ ಸದ್ದೇ ಜೋರಾಗಿತ್ತು. ಮೊದಲ ಸಾಲಿನಲ್ಲಿ ನಾಲ್ಕು ಸ್ಟೂಲು ಖಾಲಿ. ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕುವ ಚೆಕಿಂಗ್ ಅಕ್ಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಕಾಲರಿನಲ್ಲಿ ಒಂದು ಎಳೆ ಆಚೀಚೆಯಾದರೂ ಬಿಡದ ಕಣ್ಣು ಅವಳದು. ಆದರೆ ಆಸ್ಪತ್ರೆ ಬಾಗಿಲಿನ ಬೋರ್ಡನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದಳು. 'ಈ ವಾರ ಫ್ಲೂ: ೦' ಎಂದು ಅದರಲ್ಲಿ ಬರೆದಿತ್ತು.

ಸಂಜೆ ಮನೆಗೆ ಬಂದರೆ ಏಳು ತಿಂಗಳ ಬಸುರಿ ಮಗಳು ಹೊದ್ದು ಮಲಗಿದ್ದಳು. ಅಕ್ಕ ಹಣೆ ಮುಟ್ಟಿ ನೋಡಿದಳು; ಕೆಂಡದಂತೆ ಸುಡುತ್ತಿತ್ತು.

"ಏನಿಲ್ಲ ಕಣೇ, ಹವಾ ಬದಲಾಗಿದೆ. ಎರಡು ದಿನದಲ್ಲಿ ಹೋಗುತ್ತೆ" ಎಂದಳು. ಮಗಳಿಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಂತಿತ್ತು.

ಅಷ್ಟರಲ್ಲಿ ಅದೇ ಆಸ್ಪತ್ರೆಯಿಂದ ಮನೆಮನೆ ಸುತ್ತುವ ನರ್ಸಮ್ಮ ಬಂದರು. ಮಗಳನ್ನು ನೋಡಿದವರೇ, "ಬಸುರಿಗೆ ಜ್ವರ, ಕೆಮ್ಮು! ಫ್ಲೂ ಇರಬಹುದು ಅಕ್ಕ. ಈಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ" ಎಂದರು.

"ಸುಮ್ನೆ ಹೆದರಿಸಬೇಡಿ ನರ್ಸಮ್ಮ. ನಿಮ್ಮ ಬೋರ್ಡೇ ಸೊನ್ನೆ ಅಂತಿದೆ. ಅದನ್ನ ನಂಬಿನೇ ನಾನು ಕೆಮ್ಮೋರ ಪಕ್ಕ ಕೂತು ದಿನಾ ಊಟ ಮಾಡಿದ್ದು."

ನರ್ಸಮ್ಮನ ಮುಖ ಸಣ್ಣದಾಯಿತು. "ಪರೀಕ್ಷೆ ಕಿಟ್ ಮುಗಿದು ಹತ್ತು ದಿನ ಆಯ್ತು ಅಕ್ಕ. ಒಬ್ಬರಿಗೂ ಪರೀಕ್ಷೆ ಮಾಡಿಲ್ಲ. ಅದನ್ನೂ ಬೋರ್ಡಲ್ಲಿ ಬರೀಬೇಕಿತ್ತು. ಬರೀಲಿಲ್ಲ, ತಪ್ಪು ನಮ್ದೇ."

ಅಕ್ಕನಿಗೆ ತನ್ನ ಫ್ಯಾಕ್ಟರಿಯದೇ ಒಂದು ಸೊನ್ನೆ ನೆನಪಾಯಿತು. ಹೋದ ತಿಂಗಳು ಅವಳು ಮೂರು ದಿನ ರಜೆ ಹಾಕಿದ್ದಾಗ ಕೆಟ್ಟ ಅಂಗಿಗಳ ಲೆಕ್ಕ ಬರೆಯುವ ಡ್ಯಾಮೇಜ್ ಪುಸ್ತಕದಲ್ಲಿ ಒಂದೂ ತಪ್ಪು ಬರೆದಿರಲಿಲ್ಲ. ಸೂಪರ್‌ವೈಸರ್ ಹಿಗ್ಗಿ ಹೀರೇಕಾಯಿಯಾಗಿದ್ದ. ವಾರ ಕಳೆಯುವುದರೊಳಗೆ ಅಂಗಿಗಳೆಲ್ಲ ವಾಪಸ್ಸು ಬಂದವು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ! "ನೋಡೋರೇ ಇಲ್ಲದಿದ್ರೆ ತಪ್ಪು ಸಿಗೋದು ಹೇಗ್ರೀ?" ಎಂದು ಅವತ್ತು ಇಡೀ ಹಾಲಿಗೆ ಕೇಳುವಂತೆ ಕೂಗಾಡಿದ್ದು ಇದೇ ಅಕ್ಕ.

"ಅಯ್ಯೋ, ನಾನೇ ಮನೆಗೆ ತಂದ್ನೇನೋ..." ಎಂದು ಅಕ್ಕ ಮಗಳ ಹೊದಿಕೆ ಸರಿಪಡಿಸಿದಳು. "ಕಿಟ್ಟೇ ಇಲ್ಲ ಅಂದ್ರೆ ಡಾಕ್ಟರು ಏನು ಮಾಡ್ತಾರೆ?"

"ಲಕ್ಷಣ ನೋಡಿನೇ ಔಷಧಿ ಶುರು ಮಾಡ್ತಾರೆ. ಬಸುರಿಯರ ವಿಷಯದಲ್ಲಿ ಕಾಯಬಾರದು. ಏಳಿ."

ಡಾಕ್ಟರು ಅಂದೇ ಔಷಧಿ ಕೊಟ್ಟರು. ಎರಡು ದಿನ ಅಕ್ಕ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಗಳ ಪಕ್ಕದಿಂದ ಕದಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. "ಅಮ್ಮಾ, ಒದೀತಿದೆ ನೋಡು" ಎಂದು ಮಗಳು ಅವಳ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಾಗ ಅಕ್ಕ ಅತ್ತೇಬಿಟ್ಟಳು.

ಅಂದೇ ನರ್ಸಮ್ಮನನ್ನು ಕರೆದುಕೊಂಡು ಬೋರ್ಡಿನ ಮುಂದೆ ನಿಂತಳು. ಸೊನ್ನೆಯ ಕೆಳಗೆ ಹೊಸ ಸಾಲೊಂದು ಬಂತು: 'ಪರೀಕ್ಷೆ ಮಾಡಿಸಿಕೊಂಡವರು: ೦'.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲಿ ಕೆಮ್ಮು ಕೇಳಿಸುತ್ತಿದ್ದು, ಆಸ್ಪತ್ರೆ ಬೋರ್ಡಿನಲ್ಲಿ ಸೊನ್ನೆ ಇದ್ದರೆ ಅದನ್ನೇ ನಂಬಿ ಸುಮ್ಮನಿರಬೇಡಿ. ಎಷ್ಟು ಜನರಿಗೆ ಪರೀಕ್ಷೆ ಮಾಡಿದ್ದೀರಿ ಎಂದು ಆಸ್ಪತ್ರೆಯವರನ್ನು ಕೇಳಿ. ಕೆಮ್ಮು ಜ್ವರ ಇದ್ದರೆ ಕೆಲಸಕ್ಕೆ ಹೋಗಬೇಡಿ. ಮನೆಯಲ್ಲಿ ಬಸುರಿ, ಎಳೆಗೂಸು, ವಯಸ್ಸಾದವರು ಇವರಲ್ಲಿ ಯಾರಿಗಾದರೂ ಕೆಮ್ಮು ಜ್ವರ ಬಂದರೆ ಅವತ್ತೇ ಡಾಕ್ಟರನ್ನು ಕಾಣಿ; ಬೋರ್ಡು ಬದಲಾಗುವ ತನಕ ಕಾಯಬೇಡಿ.