ಕಾಲರಿನ ವಾಸನೆ

"ಯಾರರ ಕಡ್ಡಿಪೆಟ್ಟಿಗಿ ಕೊಡ್ರಿ," ಎಂದು ತೀರಿಹೋದವನ ಅಣ್ಣ ಬಾಪೂಸಾಹೇಬರು ಕೈಚಾಚಿದಾಗ ಚಟ್ಟದ ಸುತ್ತ ನಿಂತಿದ್ದ ಆರು ಜನ ತಮ್ಮ ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು. ಒಬ್ಬರ ಹತ್ತಿರವೂ ಇರಲಿಲ್ಲ.

"ನಮ್ಮ ಹಂತೇಕ ಸಿಗೂದಿಲ್ರಿ ದಾದಾ," ಎಂದ ಅಮೋಘಸಿದ್ಧ. "ಗೇಟಿನಾಗ ದಿನಾ ಕಿಸೆ ಝಾಡಿಸ್ತಾರ. ಇಟ್ಕೊಳ್ಳೂ ರೂಢಿನ ತಪ್ಪಿ ಹೋಗೇತಿ."

ಆರು ಜನವೂ ಕುಪವಾಡದ ಸಾಲ್ವಂಟ್ ಫ್ಯಾಕ್ಟರಿಯವರು. ಅಕ್ಕಿ ತೌಡನ್ನು ಹೆಕ್ಸೇನಿನಲ್ಲಿ ತೋಯಿಸಿ ಅದರೊಳಗಿನ ಎಣ್ಣೆಯನ್ನೆಲ್ಲ ಹೊರಗೆ ತೆಗೆಯುವುದು ಅಲ್ಲಿನ ಕೆಲಸ. ಹೆಕ್ಸೇನಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಅಲ್ಲಿ ಸುತ್ತಿಗೆ ಕೂಡ ಕಿಡಿ ಹಾರದ ಹಿತ್ತಾಳೆಯದು. ಆ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ದುಡಿದ ಅಪ್ಪಾಸಾಬ ನಿನ್ನೆ ಪಾಳಿ ಮುಗಿಸಿ ಬುಧಗಾಂವಿಗೆ ಬರುವಾಗ ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಈಗ ಮನೆಯ ಮೆಟ್ಟಿಲ ಮುಂದೆ ಮಲಗಿದ್ದ. ಮೈ ತೊಳೆದು, ಹೊಸ ಬಿಳಿ ಅಂಗಿ ತೊಡಿಸಿದ್ದರು.

ಮಗ ಧೀರಜ ಎದುರಿನ ಅಂಗಡಿಯಿಂದ ಕಡ್ಡಿಪೆಟ್ಟಿಗೆ ತಂದು ಮಡಕೆಯಲ್ಲಿ ಬೆರಣಿ ಹೊತ್ತಿಸಿದ. ಮಡಕೆಯನ್ನು ಎತ್ತಿಕೊಂಡು ಚಟ್ಟದ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಒಳಗಿನಿಂದ ಅಪ್ಪಾಸಾಬನ ಹೆಂಡತಿ ಶಾಲನ ಓಡಿಬಂದಳು.

"ಬೆಂಕಿ ದೂರ ಒಯ್ಯೋ! ನಾ ಇನ್ನೂ ನೋಡಿಲ್ಲ!"

"ಆಯಿ, ಮುಂಜಾನಿಂದ ಬಾಜೂಕ ಕುಂತಿದ್ದೆಲ್ಲ," ಎಂದ ಧೀರಜ ಗಾಬರಿಯಿಂದ.

"ಕಾಲರ್ ನೋಡಿಲ್ಲೋ."

ಹೆಂಗಸರು ಅವಳ ತೋಳು ಹಿಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು.

*

ಮದುವೆಯಾಗಿ ಹತ್ತು ವರ್ಷ ತುಂಬುವುದರೊಳಗೆ ಅಪ್ಪಾಸಾಬನ ಮೂಗು ಹೆಕ್ಸೇನಿನ ವಾಸನೆಗೆ ಸತ್ತೇ ಹೋಗಿತ್ತು. ಮೈಮೇಲೆ ಅದು ಉಳಿದಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ದಿನಾ ಸಂಜೆ ಮೆಟ್ಟಿಲ ಮೇಲೆ ನಿಂತು, ತುಂಟ ಕರುವಿನಂತೆ ಕತ್ತು ಮುಂದೆ ಚಾಚುತ್ತಿದ್ದ. ಶಾಲನ ಅವನ ಕಾಲರ್ ಮೂಸುವಳು. ವಾಸನೆಯಿದ್ದರೆ ಅಂಗಿ ಅಲ್ಲೇ ಬಿಚ್ಚಿಸಿ ಬಚ್ಚಲಿಗೆ ಅಟ್ಟುವಳು. ಇಲ್ಲದಿದ್ದರೆ, "ಇಲ್ಲ, ಬರ್ರಿ ಒಳಗ," ಎಂದು ಪಕ್ಕಕ್ಕೆ ಸರಿಯುವಳು. ಮಂದಿಯೆದುರು ಹೆಂಡತಿಯ ಹೆಗಲು ಸಹ ಮುಟ್ಟದ ಆ ಮನುಷ್ಯನಿಗೆ ಇದೊಂದು ನಿತ್ಯದ ಹಬ್ಬ.

ಒಂದು ದಿನ ಹರಿಪುರದ ಸಂಗಮಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟವನು ಎರಡನೇ ಪಾಳಿಯನ್ನೂ ಮುಗಿಸಿಕೊಂಡೇ ಬಂದ. ಶಾಲನ ಹೊಸ ಸೀರೆ ಉಟ್ಟು ಕಾದು, ಅದನ್ನು ಬಿಚ್ಚಿಟ್ಟು, ಸ್ಟೋ ಹೊತ್ತಿಸಿ ಕುಳಿತಿದ್ದಳು.

"ಶಾಲನ, ನೋಡ ಬಾ," ಎಂದು ಅವನು ಮೆಟ್ಟಿಲಿನಿಂದ ಕೂಗಿದ.

ಅವಳು ಏಳಲಿಲ್ಲ. ಹಿಂದಿರುಗಿಯೂ ನೋಡಲಿಲ್ಲ. "ಇಲ್ಲ, ಬರ್ರಿ ಒಳಗ," ಅಂದಳು.

ಅವನು ನಂಬಿ ಬಂದ. ಪೈಪು ಸೋರಿ ಹೆಕ್ಸೇನ್ ಕೂಡಿದ ಎಣ್ಣೆ ಅಂಗಿಯ ಎಡ ತೋಳಿಗೆ ಸಿಡಿದಿತ್ತು. ನೀರಿನ ತಂಬಿಗೆಗೆ ಕೈ ಚಾಚಿದ್ದೇ ತಡ, ಸ್ಟೋದ ಜ್ವಾಲೆ ತೋಳನ್ನು ಹಿಡಿಯಿತು.

ಕೇಳಿದವರಿಗೆಲ್ಲ ಅಪ್ಪಾಸಾಬ ಹೇಳಿದ್ದು ಒಂದೇ: "ಫ್ಯಾಕ್ಟರ್ಯಾಗ ಉಗಿ ಪೈಪ್ ಬಡೀತು." ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ಪಟ್ಟಿ ಬಿಚ್ಚಿ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ಮತ್ತೆ ಅದೇ ಮೆಟ್ಟಿಲ ಮೇಲೆ ನಿಂತು ಕತ್ತು ಚಾಚಿದ. ಶಾಲನ ಮೂಸಲಾರದೆ ಅತ್ತಿದ್ದಳು. ಅಳು ಮುಗಿಯುವವರೆಗೂ ಅವನು ಹಾಗೇ ಬಾಗಿ ನಿಂತಿದ್ದ.

*

"ತಂಗೀ, ಮಂದಿ ಕಾಯಾಕತ್ತಾರ," ಎಂದರು ಬಾಪೂಸಾಹೇಬರು ಮೆತ್ತಗೆ. ತಮ್ಮನಿಗಿಂತ ಎಂಟು ವರ್ಷ ದೊಡ್ಡವರು ಅವರು. "ಮೈ ತೊಳದೈತಿ. ಅಂಗಿ ಹೊಸಾದು. ಇನ್ನೇನ ವಾಸನಿ ಇರ್ತೈತಿ?"

"ನನಗೂ ಗೊತ್ತೈತ್ರಿ ಭಾವಾರ."

"ಮತ್ತ?"

ಶಾಲನ ಗಂಡನ ಎಡಗೈಯನ್ನು ನೋಡಿದಳು. ಅಂಗಿತೋಳಿನ ತುದಿಯಿಂದ ಸುಕ್ಕುಗಟ್ಟಿದ ಕಲೆ ಇಣುಕುತ್ತಿತ್ತು. ಇಪ್ಪತ್ತು ವರ್ಷ ಅವನು ಮುಚ್ಚಿಟ್ಟದ್ದನ್ನು ಅವನೆದುರೇ ಬಿಚ್ಚುವುದು ಅವಳಿಗೆ ಸಂಕಟವಾಯಿತು. ಆದರೆ ಹೇಳದೆ ಇವರು ಬಿಡುವವರಲ್ಲ.

"ಈ ಕೈ ಫ್ಯಾಕ್ಟರ್ಯಾಗ ಸುಟ್ಟದ್ದಲ್ರಿ. ಈ ಮನ್ಯಾಗ ಸುಟ್ಟದ್ದು. ಅವತ್ತ ಸಿಟ್ಟಿನಾಗ ನಾ ಮೂಸಿ ನೋಡ್ಲಿಲ್ಲ. ನೋಡಲಾರದನ ಇಲ್ಲ ಅಂದೆ, ಒಳಗ ಕರದೆ. ಇವತ್ತೂ ನೋಡಲಾರದನ ಬೆಂಕಿಗೆ ಕೊಡಂತೀರೇನ್ರಿ?"

ಬಾಪೂಸಾಹೇಬರ ಮುಖ ಕೆಂಪಾಯಿತು. ಆ ಕೈಗಾಗಿ ಅವರು ಫ್ಯಾಕ್ಟರಿಯ ಗೇಟಿಗೆ ಹೋಗಿ ಮ್ಯಾನೇಜರನ ಕೊರಳಪಟ್ಟಿ ಹಿಡಿದು ಬಂದವರು.

"ನಿನಗ ಗೊತ್ತಿತ್ತೇನ?" ಎಂದು ಅಮೋಘಸಿದ್ಧನತ್ತ ತಿರುಗಿದರು.

"ಅವತ್ತ ಪೈಪ್ ಸೋರಿತ್ತು ಖರೆ, ಯಾರ ಕೈಯೂ ಸುಟ್ಟಿದ್ದಿಲ್ರಿ. ಯಾರ ಮುಂದೂ ಅನಬ್ಯಾಡಂತ ನನ್ನ ಕಡಿಂದ ಆಣಿ ತಗೊಂಡಿದ್ದ."

ಬಾಪೂಸಾಹೇಬರು ತಮ್ಮನತ್ತ ನೋಡಿದರು. ಧೀರಜನ ಕೈಯಿಂದ ಬೆಂಕಿಯ ಮಡಕೆ ತೆಗೆದುಕೊಂಡು ತಾವೇ ಬೀದಿಯ ಆ ಬದಿಗೆ ನಡೆದರು. ಬೇವಿನ ಗಿಡದ ಬುಡಕ್ಕೆ ಇಟ್ಟು ಅಲ್ಲಿಂದಲೇ ಕೂಗಿದರು: "ನೋಡವ್ವಾ. ಸಾವಕಾಶ ನೋಡು."

ಶಾಲನ ಮೊಣಕಾಲೂರಿ ಬಗ್ಗಿದಳು. ಇವತ್ತು ಅವನು ಕತ್ತು ಚಾಚಲಿಲ್ಲ, ಅವಳೇ ಕೆಳಗೆ ಬಾಗಬೇಕಾಯಿತು. ಮೊದಲು ಬಲಗಡೆ ಮೂಸಿದಳು, ಆಮೇಲೆ ಎಡಗಡೆ. ಹೊಸ ಅರಿವೆಯ ಗಂಜಿ, ಗಂಧ, ಸಾಬೂನು. ತೌಡಿನದೂ ಇಲ್ಲ, ಹೆಕ್ಸೇನಿನದೂ ಇಲ್ಲ, ಅವನದೂ ಇಲ್ಲ. ಸುಟ್ಟ ಕೈಯ ಅಂಗಿತೋಳನ್ನೂ ಎತ್ತಿ ಮೂಗಿಗೆ ಹಿಡಿದಳು.

ಅವಳು ಎದ್ದು ಮೆಟ್ಟಿಲೇರಿದಳು. ಆರು ಜನ ಚಟ್ಟವನ್ನು ಹೆಗಲಿಗೆ ಎತ್ತಿಕೊಂಡು, ಅವಳು ಏನು ಹೇಳುವಳೋ ಎಂದು ನಿಂತರು.

"ಇಲ್ಲ," ಎಂದಳು ಶಾಲನ, ಚಟ್ಟದ ಮೇಲಿನ ಗಂಡನತ್ತ ನೋಡಿ. "ಬರ್ರಿ ಒಳಗ."

ದಿನದಂತೆ ಬಾಗಿಲ ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಳು.