ಹೆಲ್ಮೆಟ್ ನನ್ನ ಬಳಿಯೇ ಇದೆ

೧.
ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಲೀಗಿನವರನ್ನು ಕೇಳಿದರೆ ಪಟಾಕಿಯಿಂದ ಎನ್ನುತ್ತಾರೆ. ತಂಡ ಕಟ್ಟುವ ಅವರ ಯೋಜನೆಯಲ್ಲಿ ಪಟಾಕಿ ಮೊದಲ ಹಂತದಲ್ಲಿತ್ತು. ವೈದ್ಯರ ನೇಮಕವನ್ನು ಎರಡನೇ ಹಂತಕ್ಕೆ ಮುಂದೂಡಿದ್ದರು. ಅಲ್ಲಿಯವರೆಗೆ ಕಾರ್ವರ್ ಫಾಲ್ಸ್ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ತಲೆಗಳಿಗೆಲ್ಲ ನಾನೊಬ್ಬಳೇ ಹೊಣೆ: ಕಾರಿನ್ ಹಾಲ್ವರ್ಸನ್, ಆಟಗಾರರ ಪೆಟ್ಟು-ಗಾಯ ನೋಡಿಕೊಳ್ಳುವ ಟ್ರೈನರ್. ಆಟಗಾರರು ಡಾಕ್ ಎನ್ನುತ್ತಾರೆ. ನಾನು ಡಾಕ್ಟರಲ್ಲ.

೨.
(ಕೈಬಿಟ್ಟ ಆರಂಭ.) "ದೊಡ್ಡ ಲೀಗುಗಳು ತಿರುಗಿಯೂ ನೋಡದ ಅಯೋವಾದ ಒಂದು ಊರಿಗೆ ಕೊನೆಗೂ ತನ್ನದೇ ಫುಟ್‌ಬಾಲ್ ತಂಡ ಬಂತು."

ಈ ವಾಕ್ಯದಲ್ಲಿ ಸುಳ್ಳಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ಐಸ್ ಹಾಕಿ ಅಂಗಳದ ಮಂಜುಗಡ್ಡೆಯ ಮೇಲೆ ಕೃತಕ ಹುಲ್ಲಿನ ಹಸಿರು ಹಾಸು ಬಿತ್ತು. ಚಿಲ್ಲಿ ಎಂಬ ಖಾರದ ಮಾಂಸದ ಸಾರು ಮತ್ತು ದಾಲ್ಚಿನ್ನಿ ರೋಲ್ ಬಡಿಸುವ ಚರ್ಚಿನ ಹೆಂಗಸರೂ ತಂಡದ ಅಂಗಿ ತೊಟ್ಟರು. ಚಿಕ್ಕ ಊರು ಎಷ್ಟು ಆಸೆಪಡಬಲ್ಲದೆಂದು ಯಾರೋ ದೂರದಲ್ಲಿ ಕುಳಿತು ಲೆಕ್ಕ ಹಾಕಿದ್ದರು. ಆ ಲೆಕ್ಕ ಕರಾರುವಾಕ್ಕಾಗಿತ್ತು.

೩.
ಈಗ ಡಾರ್ನೆಲ್ ಪ್ರುಯಿಟ್. ಹಗಲು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಸಂಜೆ ಚೆಂಡನ್ನು ಎದೆಗವಚಿ ಓಡುತ್ತಾನೆ. ಇದೇ ಊರಿನವನು, ಹೆದ್ದಾರಿಯ ಫಲಕದ ಮೇಲೆ ಅವನದೇ ಮುಖ.

ಪಂದ್ಯಗಳ ಋತುವಿಗೆ ಮೊದಲು ಎಲ್ಲ ಆಟಗಾರರ ನೆನಪನ್ನು ಪರೀಕ್ಷಿಸಿ ಅಂಕ ದಾಖಲಿಸುವುದು ಪದ್ಧತಿ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಆ ಅಂಕದೊಂದಿಗೆ ಹೋಲಿಸಬೇಕು. ಚಮಚ, ಕಂಬಳಿ, ಗರಗಸ, ನಿಂಬೆ, ಏಣಿ ಎಂದೆ, ತಿರುಗಿ ಒಪ್ಪಿಸಲು ಹೇಳಿದೆ. ಇಡೀ ತಂಡದ ಊಟದ ಆರ್ಡರನ್ನು ಬರೆದುಕೊಳ್ಳದೆ ಒಪ್ಪಿಸುವ ಡಾರ್ನೆಲ್ ತಲೆ ಕೆರೆದುಕೊಂಡ.

"ಚಮಚ... ಕಂಬಳಿ... ಇನ್ನು ನೆನಪಿಲ್ಲ, ಡಾಕ್."

ಮತ್ತೊಮ್ಮೆ ಪರೀಕ್ಷಿಸಬೇಕೆಂದೆ. ತಂಡದ ಅಧ್ಯಕ್ಷನಾಗಿ ಲೀಗು ಕಳುಹಿಸಿದ್ದ ಗ್ರಾಂಟ್ ವೆಸ್ಟರ್‌ಗಾರ್ಡ್ ಒಪ್ಪಲಿಲ್ಲ. "ಬಂದಿದ್ದು ಬಂತು ಬಿಡಮ್ಮ. ಓಡೋಕೆ ತಾನೆ ಕರ್ಕೊಂಡಿರೋದು, ಪಾಠ ಒಪ್ಪಿಸೋಕಲ್ವಲ್ಲ."

೪.
(ಇಲ್ಲಿ ಡಾರ್ನೆಲ್ ಎಂಬ ಪಾತ್ರ ನನ್ನೊಡನೆ ಜಗಳಕ್ಕೆ ಬರುತ್ತದೆ.)

"ಬೇಕಂತ ಕಮ್ಮಿ ಹೇಳ್ದೆ ಅಂತ ಬರೀತೀಯಾ?"

"ಹೌದು ತಾನೆ?"

"ಎಲ್ರೂ ಮಾಡ್ತಾರೆ. ಈಗ್ಲೇ ತಗ್ಗಲ್ಲಿ ನಿಂತಿದ್ರೆ ಆಮೇಲೆ ಬಿದ್ದಿದ್ದು ಕಾಣಲ್ಲ. ಇವತ್ತು ಕೆನಡಾ ಲೀಗಿನೋರು ಆಟಗಾರರನ್ನ ಆರಿಸೋಕೆ ನನ್ನಾಟ ನೋಡೋಕೆ ಬಂದಿದಾರೆ. ನಾಳೆ ಫೋರ್ಕ್‌ಲಿಫ್ಟ್ ನೋಡೋಕೆ ಯಾರು ಬರ್ತಾರೆ, ಹೇಳು?"

ಅವನ ಮಾತನ್ನು ಹಾಗೆಯೇ ಬರೆದುಕೊಳ್ಳುತ್ತೇನೆ.

೫.
ಮೊದಲ ಪಂದ್ಯ, ಮೊದಲ ಅರ್ಧ. ಇಬ್ಬರು ಎದುರಾಳಿಗಳು ಡಾರ್ನೆಲ್‌ನನ್ನು ಅಂಗಳದ ಗೋಡೆಗೆ ಅಪ್ಪಳಿಸಿದರು. ಆ ಶಬ್ದಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿರಾಮದಲ್ಲಿ ಅವನನ್ನು ರೆಫರಿಗಳ ಕೋಣೆಗೆ ಕರೆತಂದು ಹೆಲ್ಮೆಟ್ ಕಿತ್ತುಕೊಂಡೆ. ನಮ್ಮ ಕಸುಬಿನ ಮೊದಲ ಪಾಠ ಅದು: ಹೆಲ್ಮೆಟ್ ಇಲ್ಲದವನು ಅಂಗಳಕ್ಕೆ ಇಳಿಯಲಾರ.

"ಸ್ಕೋರ್ ಎಷ್ಟಾಯ್ತು, ಡಾಕ್?"

"ನಾವು ಆರು ಪಾಯಿಂಟ್ ಮುಂದಿದೀವಿ."

ಅದೇ ಐದು ಪದ ಹೇಳಿದೆ. ಚಮಚ, ಕಂಬಳಿ ಎಂದ. ಈ ಸಲ ತಲೆ ಕೆರೆದುಕೊಳ್ಳಲಿಲ್ಲ. ಉಳಿದ ಮೂರನ್ನು ಗೋಡೆಯ ಮೇಲೆ ಹುಡುಕಿದ.

"ಸ್ಕೋರ್ ಎಷ್ಟಾಯ್ತು, ಡಾಕ್?"

(ಓದುಗರೇ, ಇದು ಕರಡಿನ ತಪ್ಪಲ್ಲ. ನಾನು ಒಂದೇ ವಾಕ್ಯವನ್ನು ಎರಡು ಸಲ ಬರೆದಿಲ್ಲ. ಅವನು ಎರಡು ಸಲ ಕೇಳಿದ.)

೬.
ಗ್ರಾಂಟ್ ಒಳಗೆ ಬಂದ. "ಆಗಲೂ ಎರಡು, ಈಗಲೂ ಎರಡು. ಏನೂ ಆಗಿಲ್ಲ ಅಂತ ತಾನೆ ಅರ್ಥ? ವಿಜ್ಞಾನ ಓದಿದೋಳು ನೀನು, ನೀನೇ ಹೇಳು."

"ಮೊದಲಿನ ಅಂಕ ಸುಳ್ಳು."

"ಅವನು ಹಾಗಂದನಾ?"

"ಕೇಳಿದ್ದನ್ನೇ ಕೇಳ್ತಿದಾನೆ, ಗ್ರಾಂಟ್."

"ನಾನೂ ಕೇಳ್ತಿದೀನಿ, ಹೊರಗಿರೋ ಜನಾನೂ ಕೇಳ್ತಿದಾರೆ. ಕೊಡು ಹೆಲ್ಮೆಟ್ಟು. ಇಲ್ಲಾಂದ್ರೆ ಮುಂದಿನ ವಾರ ಆ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

೭.
ಗ್ರಾಂಟ್ ಬಯಸುವ ಅಂತ್ಯ: ಡಾರ್ನೆಲ್ ಮರಳುತ್ತಾನೆ, ಚೆಂಡಿನೊಡನೆ ಗೋಲಿನ ಗೆರೆ ದಾಟುತ್ತಾನೆ, ಪಟಾಕಿ ಸಿಡಿಯುತ್ತದೆ.

ನೀವು ನಿರೀಕ್ಷಿಸುವ ಅಂತ್ಯ: ಡಾರ್ನೆಲ್ ಮರಳುತ್ತಾನೆ, ಮತ್ತೆ ಬೀಳುತ್ತಾನೆ, ಏಳುವುದಿಲ್ಲ. ಲೀಗು ಒಂದು ನಿಮಿಷ ಮೌನ ಆಚರಿಸಿ ಅವನ ಅಂಕಿಯಿರುವ ಅಂಗಿಯನ್ನು ಕಪ್ಪು ಬಣ್ಣದಲ್ಲಿ ಮಾರಾಟಕ್ಕಿಡುತ್ತದೆ. ಕಥೆಯಾಗಿ ಇದು ಉತ್ತಮವೆಂದು ನನಗೂ ಗೊತ್ತು. ಆದರೆ ನನ್ನ ಸಿಟ್ಟು ನ್ಯಾಯವಾದದ್ದೆಂದು ನಿಮಗೆ ಒಪ್ಪಿಸಲು ನಾನು ಅವನ ತಲೆ ಒಡೆಯಬೇಕೇ? ಹಾಗೆ ಮಾಡಿದರೆ ಗ್ರಾಂಟ್‌ಗೂ ನನಗೂ ಏನು ವ್ಯತ್ಯಾಸ?

ಎರಡೂ ಅಂತ್ಯಗಳಿಗೆ ಹೆಲ್ಮೆಟ್ ಬೇಕು. ಅದು ನನ್ನ ಮಡಿಲಲ್ಲಿದೆ, ಎರಡೂ ತೋಳುಗಳ ನಡುವೆ.

೮.
ಹೊರಗೆ ಜನ ಕಾಲಿನಿಂದ ಗ್ಯಾಲರಿಯ ಹಲಗೆ ಬಡಿಯುತ್ತಿದ್ದಾರೆ. ಗ್ರಾಂಟ್ ಕೈ ಚಾಚಿ ನಿಂತಿದ್ದಾನೆ. ಅವನ ಕೈ ಹಾಗೆಯೇ ಇರಲಿ. ದ್ವಿತೀಯಾರ್ಧ ಆರಂಭವಾಯಿತೆಂಬ ವಾಕ್ಯವನ್ನು ನಾನು ಬರೆಯುವುದಿಲ್ಲ. ಬೇಕಿದ್ದವರು ಬೇರೆ ಕಥೆಗಾರರನ್ನು ಹುಡುಕಿಕೊಳ್ಳಲಿ.

"ಸ್ಕೋರ್ ಎಷ್ಟಾಯ್ತು, ಡಾಕ್?"

"ನಾವು ಆರು ಮುಂದಿದೀವಿ, ಡಾರ್ನೆಲ್. ಕೂತ್ಕೋ."

"ಹೌದಾ?" ಅವನ ಮುಖ ಮೊದಲ ಸಲ ಕೇಳಿದವನಂತೆ ಅರಳುತ್ತದೆ. "ಸ್ಕೋರ್ ಎಷ್ಟಾ—"