ಕಲ್ಲಿಗೆ ಅಕ್ಕಿ ಇಲ್ಲ

ರಂಗರಾಜು ಫೋನ್ ಮಾಡಿದ ಕೂಡಲೇ ನನ್ನ ತಲೆ ಕೆಟ್ಟಿತು. ಶಿರಾದಲ್ಲಿ ಕಡ್ಲೇಕಾಯಿ ಮಂಡಿ ಇಟ್ಟಿರುವ ಆಸಾಮಿ ಆತ. ನಮ್ಮ ಗೌಡಗೆರೆ ಹೆಂಗಸರ ಸಂಘದ ವೆಬ್‌ಸೈಟು ಆಗಷ್ಟೇ ನಿಂತುಹೋಗಿತ್ತು.

"ಏನ್ ಶಶಿರೇಖಮ್ಮ, ನಿಮ್ ಹರಾಜು ತೆರ್ಕೊಳ್ತಾನೇ ಇಲ್ವಂತೆ? ಮೂಟೆಗಳ್ನ ನಮ್ ಮಂಡಿಗೇ ಹಾಕ್ಬುಡಿ. ಗಾಡಿ ನಾನೇ ಕಳುಸ್ತೀನಿ," ಎಂದ.

"ಹರಾಜು ಸಂಜೆಗಂಟ ಐತೆ. ನಿಮ್ ಗಾಡಿ ನಿಮ್ಮನೆ ಮುಂದೇನೇ ಇರ್ಲಿ," ಎಂದು ಕಟ್ ಮಾಡಿದೆ.

ಬಾಯಿ ಜೋರು ಮಾಡಿದ್ದೇನೋ ಸರಿ, ಕೈಯಲ್ಲಿ ಏನೂ ಇರಲಿಲ್ಲ. ಅದು ನಮ್ಮ ಮೊದಲ ಹರಾಜು. ಮಂಡಿಗೆ ಹೋದರೆ ಸ್ಯಾಂಪಲ್ಲು ಅಂತ ಮೂಟೆಮೂಟೆಗೂ ಬೊಗಸೆ ತುಂಬ ಎತ್ತಿಕೊಂಡು, ಕಾಯಿ ಒದ್ದೆ ಅಂತ ಹೆಸರಿಟ್ಟು, ಅವರು ಹೇಳಿದ ಬೆಲೆಗೆ ಗೋಣು ಹಾಕಿಸುತ್ತಿದ್ದರು. ಅದು ಸಾಕಾಗಿಯೇ ಸಂಘ ಕಟ್ಟಿದ್ದು. ಸೈಟು ನಾನು ಮಾಡಿದೆ. ಊರೂರಿನ ಗಾಣದವರು ಅದರಲ್ಲಿ ಬೆಲೆ ಕೂಗಬೇಕು, ಕಾಯಿ ಬೆಳೆದವಳು ತನ್ನ ಫೋನಿನಲ್ಲಿ 'ಒಪ್ಪಿದೆ' ಅಥವಾ 'ಬೇಡ' ಒತ್ತಬೇಕು. ಸಂಜೆಯೊಳಗೆ ಕಾಯಿ ಮಾರದಿದ್ದರೆ ಎಲ್ಲರೂ ತಲೆ ತಗ್ಗಿಸಿಕೊಂಡು ಅದೇ ಮಂಡಿ ಬಾಗಿಲಿಗೆ ಹೋಗಬೇಕಿತ್ತು. ಆಮೇಲೆ ಸಂಘ ಅಂದರೆ ಒಬ್ಬಳೂ ತಿರುಗಿ ನೋಡುತ್ತಿರಲಿಲ್ಲ.

ಗೋಡೌನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಸಂಘದ ಅಧ್ಯಕ್ಷೆ ಚಿಕ್ಕಕ್ಕ ಪಕ್ಕದ ಮೂಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಕರೆಂಟ್ ಹೋಯ್ತೇನಮ್ಮ?"

"ಇಲ್ಲ ಚಿಕ್ಕಕ್ಕ. ಯಾರೋ ಬೇಕಂತ್ಲೇ ಮಾಡ್ತಾವ್ರೆ. ರೇಷನ್ ಅಂಗಡಿ ಮುಂದೆ ಕ್ಯೂನಲ್ಲಿ ಕಲ್ಲಿಡ್ತಿದ್ವಲ್ಲ, ನೆಪ್ಪೈತಾ?"

"ನೆಪ್ಪಿಲ್ದೆ ಏನು. ಮುಂಜಾನೆ ಕಲ್ಲಿಟ್ಬುಟ್ಟು ಸಗಣಿ ಬಾಚೋಕೆ ಹೋಗ್ತಿದ್ವಿ. ಕಲ್ಲೈತೆ ಅಂದ್ರೆ ನಾವಿದ್ದಂಗೇಯ."

"ಈಗ ಯಾವನೋ ಲಾರಿಗಟ್ಲೆ ಕಲ್ಲು ತಂದು ಕ್ಯೂ ತುಂಬ ಸುರಿದವ್ನೆ ಅಂದ್ಕೊಳಿ. ಅಂಗಡಿಯವ್ನು ಒಂದೊಂದು ಕಲ್ಲಿಗೂ 'ಇದು ಯಾರ್ದು' ಅಂತ ಕಾಯ್ತಾ ಕೂತ್ರೆ ನಿಜವಾದ ಜನ ಬಿಸಿಲಲ್ಲೇ ಗತಿ. ನಮ್ ಸೈಟೂ ಅಂಗೇ. ಯಾರು ಬಾಗಿಲು ತಟ್ಟಿದ್ರೂ ಒಂದು ಜಾಗ ಹಿಡಿದಿಟ್ಟು, ಅವ್ರು ಮತ್ತೆ ಮಾತಾಡ್ಲಿ ಅಂತ ಕಾಯ್ತದೆ. ಸುಳ್ಳು ವಿಳಾಸದಿಂದ ತಟ್ಟೋರು ಮಾತೂ ಆಡಲ್ಲ, ಜಾಗಾನೂ ಬುಡಲ್ಲ."

"ಒದ್ಬುಡು ಅತ್ಲಾಗೆ ಕಲ್ನೆಲ್ಲ."

ಒದ್ದೆ. ಒಂದೇ ವಿಳಾಸದಿಂದ ಬಿಡುವಿಲ್ಲದೆ ಯಾರೋ ತಟ್ಟುತ್ತಿರುವುದು ಕಂಡಿತು. ಸಿಕ್ಕಿಬಿದ್ದ ಕಳ್ಳ ಅಂತ ಅದಕ್ಕೆ ತಡೆ ಹಾಕಿ, ಆರಿದ ಟೀ ಕೈಗೆತ್ತಿಕೊಂಡೆ. ಅಷ್ಟರಲ್ಲಿ ರಾಮಾಂಜಿನಮ್ಮ ಏದುಸಿರು ಬಿಡುತ್ತ ಬಂದಳು. ಪಾವಗಡದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಸಿಟ್ಟು ಬಂದರೆ ತೆಲುಗು ನುಗ್ಗುತ್ತದೆ.

"ಇದೇಂ ಕರ್ಮ ಶಶಿ? ಆಗ ಒದ್ದಾಡ್ಕೊಂಡಾದ್ರೂ ಬತ್ತಿತ್ತು. ಈಗ ಊರಲ್ಲಿ ಯಾರ್ ಫೋನಲ್ಲೂ ಬರ್ತಿಲ್ಲ. ಬೆಳಗ್ಗಿಂದ ಒತ್ತಿ ಒತ್ತಿ ಹೆಬ್ಬೆಟ್ಟು ನೋಯ್ತೈತೆ."

"ಒತ್ತಿ ಒತ್ತಿ ಅಂದ್ರೆ?"

"ಬೋರಿನ ಸ್ಟಾರ್ಟರ್ ಹಿಡೀದಿದ್ರೆ ಹಿಡಿಯೋಗಂಟ ಹಸಿರು ಬಟನ್ ಒತ್ತಲ್ವಾ? ಎಲ್ರೂ ಅಂಗೇ ಒತ್ಕೊಂಡು ಕೂತವ್ರೆ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಊರಿನ ಫೋನುಗಳೆಲ್ಲ ಒಂದೇ ಟವರಿನಿಂದ, ಇಂಟರ್ನೆಟ್ಟಿನ ಒಂದೇ ವಿಳಾಸ ಹೊತ್ತು ಬರುತ್ತವೆ. ಕಳ್ಳನನ್ನು ಹಿಡಿದೆ ಅಂತ ನಮ್ಮ ಹೆಂಗಸರನ್ನೇ ಹೊರಗೆ ಹಾಕಿ ಚಿಲಕ ಹಾಕಿದ್ದೆ. ಕಳ್ಳನ ಕಲ್ಲುಗಳೋ ಕ್ಷಣಕ್ಕೊಂದು ಹೊಸ ಸುಳ್ಳು ವಿಳಾಸದಲ್ಲಿ ಆರಾಮಾಗಿ ಬೀಳುತ್ತಲೇ ಇದ್ದವು.

ಚಿಕ್ಕಕ್ಕ ಎಲೆ ಮಡಿಸುತ್ತ, "ಅವತ್ತೂ ಇಂಗೇ ಕಣಮ್ಮ. ಯಾರೋ ಕಲ್ಲು ಒದೀತೀನಿ ಅಂತ ನಿಮ್ಮವ್ವನ ಕಲ್ಲೇ ಒದ್ದಿದ್ರು," ಎಂದರು.

ಅದನ್ನು ಮರೆಯುವುದುಂಟೇ? ಅಮ್ಮ ಖಾಲಿ ಚೀಲ ಮಡಚಿಕೊಂಡು ಮನೆಗೆ ನಡೆದಿದ್ದಳು, ನಾನು ಅವಳ ಸೆರಗು ಹಿಡಿದು ಅತ್ತಿದ್ದೆ. ಮಾರನೆಯ ದಿನ ಹೆಂಗಸರೆಲ್ಲ ಸೇರಿ ಅಂಗಡಿಯವನ ಗ್ರಹಚಾರ ಬಿಡಿಸಿದ ಮೇಲೆ ಅವನು ಕಟ್ಟೆ ಮೇಲೆ ನಿಂತು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಇನ್ಮೇಲೆ ಕಲ್ಲಿಗೆ ಅಕ್ಕಿ ಇಲ್ಲ, ಬಂದವರ ಕೈಗೆ ಚೀಟಿ, ಚೀಟಿ ತಂದವರಿಗೇ ಜಾಗ. ಕಲ್ಲಿಗೆ ಚೀಟಿ ಹಿಡಿಯಲು ಕೈ ಎಲ್ಲಿಂದ ಬರಬೇಕು?

ಕೂತಲ್ಲೇ ಬೆನ್ನು ನೆಟ್ಟಗಾಯಿತು. ನಮ್ಮವರ ಮೇಲಿನ ತಡೆ ತೆಗೆದೆ. ಯಾರಿಗೂ ಮೊದಲೇ ಜಾಗ ಹಿಡಿದಿಡದಂತೆ ಸೈಟು ನಡೆಸುವ ಸರ್ವರ್ ಕಂಪ್ಯೂಟರಿಗೆ ಹೇಳಿಕೊಟ್ಟೆ. ತಟ್ಟಿದವರಿಗೆ ಒಂದು ಚೀಟಿ ಕಳಿಸಿ ಮರೆತುಬಿಡು, ಅದನ್ನು ಹಿಡಿದು ತಿರುಗಿ ಬಂದವರನ್ನು ಮಾತ್ರ ಕೂರಿಸು ಅಂತ. ಸುಳ್ಳು ವಿಳಾಸಕ್ಕೆ ಹೋದ ಚೀಟಿ ತಿರುಗಿ ಬರುವುದಿಲ್ಲ. ಆಮೇಲೆ ಸಂಘದ ಗ್ರೂಪಿಗೆ ವಾಯ್ಸ್ ಹಾಕಿದೆ: "ಒಂದ್ಸಲ ಒತ್ತಿ ಕೈ ತೆಗೀರಿ. ಇದು ಬೋರಲ್ಲ ಕಣ್ರಮ್ಮ."

ಕಲ್ಲು ಬೀಳುವುದು ನಿಲ್ಲಲಿಲ್ಲ. ಬೀಳಲಿ, ಬೇಕಾದಷ್ಟು ಬೀಳಲಿ ಅಂದುಕೊಂಡೆ. ಸೈಟು ಕುಂಟುತ್ತಲೇ ತೆರೆದುಕೊಂಡಿತು. ಕೊರಟಗೆರೆಯ ಗಾಣದವರು ಮೊದಲು ಬೆಲೆ ಕೂಗಿದರು, ಹಿಂದೆಯೇ ಮಧುಗಿರಿಯವರು. ಚಿಕ್ಕಕ್ಕ ತಮ್ಮ ಫೋನಿನಲ್ಲಿ 'ಒಪ್ಪಿದೆ' ಒತ್ತಿದರು. ನನಗೆ ಕಣ್ಣು ತುಂಬಿ ಬಂತು, ಮೂಗು ಒರೆಸಿಕೊಂಡು ಮುಂದಿನದನ್ನು ನೋಡಿದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಗೋಡೌನಿಗೇ ಬಂದು ಕೂತರು.

ಹೊತ್ತು ಇಳಿಯುವಾಗ ರಂಗರಾಜು ಮತ್ತೆ ಫೋನ್ ಮಾಡಿದ. ಕಲ್ಲು ಸುರಿಸಿದ್ದು ಆತನೇ ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ, ಇವತ್ತಿಗೂ ಇಲ್ಲ. ಆದರೆ ದನಿ ಮಾತ್ರ ಬೆಳಗಿನದಾಗಿರಲಿಲ್ಲ. "ಗಿರಾಕಿಗೆ ಮಾತು ಕೊಟ್ಬುಟ್ಟಿವ್ನಿ, ಮಂಡಿಲಿ ಕಾಯಿಲ್ಲ. ಒಸಿ ಮೂಟೆ ಈ ಕಡೆ ಕಳ್ಸಿ," ಎಂದ.

ಚಿಕ್ಕಕ್ಕ ಫೋನು ಕಿತ್ತುಕೊಂಡರು. "ಆ ಕಡೆ ಈ ಕಡೆ ಎಲ್ಲೂ ಇಲ್ಲ ಕಣಪ್ಪ. ಸೈಟಿಗೆ ಬಾ. ಒಂದ್ಸಲ ತಟ್ಟು, ಚೀಟಿ ಕೊಡ್ತೀವಿ. ಎಲ್ರಂಗೆ ನಿಂತ್ಕೊಂಡು ಬೆಲೆ ಕೂಗು."

ಬಂದ. ಉಳಿದಿದ್ದು ರಾಮಾಂಜಿನಮ್ಮನ ಕಾಯಿ ಮಾತ್ರ. ಅದರ ಮುಂದೆ ಮಧುಗಿರಿಯವರ ಒಳ್ಳೇ ಬೆಲೆ, ಕೆಳಗೆ ರಂಗರಾಜುವಿನ ಹೆಸರು, ಮಂಡಿಯಲ್ಲಿ ಹೇಳುವ ಅದೇ ಹಳೇ ಬೆಲೆ. ಎಲ್ಲರೂ ಅವಳ ಫೋನಿನ ಮೇಲೆ ಬಗ್ಗಿದರು. ಅವಳು ಸಾವಕಾಶವಾಗಿ ಅವನ ಹೆಸರು ಓದಿದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಆ ನೋಯುವ ಹೆಬ್ಬೆಟ್ಟಿನಿಂದ 'ಬೇಡ' ಒತ್ತಿದಳು. ಒಂದೇ ಸಲ.